ಫುಟ್‌ಬಾಲ್ ಕ್ಲಬ್ಬಿನ ಜಮಾ-ಖರ್ಚು: ಸ್ವಂತ ಕಾಲ ಮೇಲೆ ನಿಲ್ಲುವ ಬಗೆ



ಫುಟ್‌ಬಾಲ್ ಪಂದ್ಯವನ್ನು ನೀವು ನೋಡುವಾಗ ನಿಮ್ಮ ಕಣ್ಣು ಚೆಂಡಿನ ಮೇಲೆ ಇರುತ್ತದೆ. ಯಾರು ಗೋಲು ಹೊಡೆದರು, ಯಾರು ತಡೆದರು, ಎಷ್ಟು ಅಂತರದಿಂದ ಗೆದ್ದರು ಎಂಬುದನ್ನು ಮರುದಿನ ತರಗತಿಯಲ್ಲಿ ಚರ್ಚಿಸುತ್ತೀರಿ. ಆದರೆ ಆ ಹನ್ನೊಂದು ಮಂದಿ ಮೈದಾನಕ್ಕೆ ಇಳಿಯುವ ಮುನ್ನ ಬೇರೆಲ್ಲೋ ಒಂದು ಕೋಣೆಯಲ್ಲಿ ಒಬ್ಬರು ಲೆಕ್ಕದ ಪುಸ್ತಕ ತೆರೆದು ಕುಳಿತಿರುತ್ತಾರೆ. ಬಸ್ಸಿನ ಬಾಡಿಗೆ ಕೊಟ್ಟಾಯಿತೇ, ಮೈದಾನದ ಶುಲ್ಕ ಕಟ್ಟಾಯಿತೇ, ಆಟಗಾರರ ಸಂಬಳಕ್ಕೆ ಹಣವಿದೆಯೇ ಎಂದು ನೋಡುವವರು ಅವರು. ಆ ಪುಸ್ತಕ ಸರಿಯಿಲ್ಲದಿದ್ದರೆ ಎಂಥ ಒಳ್ಳೆಯ ತಂಡವೂ ಹೆಚ್ಚು ದಿನ ಉಳಿಯಲಾರದು. ಈ ಲೇಖನದ ವಿಷಯ ಆ ಪುಸ್ತಕವೇ.

ಮೊದಲು ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡೋಣ. ಬೆಂಗಳೂರು ಎಫ್.ಸಿ. ಎಂಬ ಕ್ಲಬ್ಬು ಹುಟ್ಟಿದ್ದು 2013ರಲ್ಲಿ. ಜೆ.ಎಸ್.ಡಬ್ಲ್ಯು. ಉದ್ಯಮ ಸಮೂಹ ಅದರ ಒಡೆತನ ವಹಿಸಿತು. ಮೊದಲ ವರ್ಷದಲ್ಲೇ, ಅಂದರೆ 2013-14ರಲ್ಲಿ, ಅದು ಐ-ಲೀಗ್ ಪ್ರಶಸ್ತಿ ಗೆದ್ದಿತು. 2015-16ರಲ್ಲಿ ಮತ್ತೊಮ್ಮೆ ಗೆದ್ದಿತು. 2016ರಲ್ಲಿ ಎ.ಎಫ್.ಸಿ. ಕಪ್‌ನ ಅಂತಿಮ ಪಂದ್ಯದವರೆಗೂ ಹೋಯಿತು. 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿಯನ್ನೂ 2022ರಲ್ಲಿ ಡ್ಯುರಾಂಡ್ ಕಪ್ಪನ್ನೂ ತನ್ನದಾಗಿಸಿಕೊಂಡಿತು. ಭಾರತ ತಂಡದ ನಾಯಕರಾಗಿದ್ದ ಸುನಿಲ್ ಛೆಟ್ರಿ ಈ ಕ್ಲಬ್ಬಿನ ಪರ ಆಡಿದವರು. ಹೀಗಿದ್ದೂ 2025ರ ಆಗಸ್ಟ್ ತಿಂಗಳಲ್ಲಿ ಇದೇ ಕ್ಲಬ್ಬು ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲದವರೆಗೆ ತಡೆಹಿಡಿಯುವುದಾಗಿ ಪ್ರಕಟಿಸಿತು.

ಇಷ್ಟೊಂದು ಗೆದ್ದ ಕ್ಲಬ್ಬಿಗೆ ಸಂಬಳ ನಿಲ್ಲಿಸುವ ಸ್ಥಿತಿ ಹೇಗೆ ಬಂತು? ಈ ಪ್ರಶ್ನೆಗೆ ಉತ್ತರ ಹುಡುಕಿದರೆ, ರಾಮಾಪುರದಲ್ಲಿ ನಾಳೆ ನೀವೇ ಕಟ್ಟಬಹುದಾದ ಪುಟ್ಟ ಕ್ಲಬ್ಬಿಗೂ ಬೇಕಾದ ಪಾಠ ಸಿಗುತ್ತದೆ.

ಕ್ಲಬ್ಬು ಯಾರದು?

ನಮ್ಮ ದೇಶದಲ್ಲಿ ಫುಟ್‌ಬಾಲ್ ತಂಡಗಳು ಮೂರು ಬಗೆಯಲ್ಲಿ ನಡೆದಿವೆ. ಮೊದಲನೆಯದು ಸದಸ್ಯರ ಸಂಘ. ಆಟದ ಮೇಲೆ ಆಸಕ್ತಿಯಿರುವ ಹತ್ತಾರು ಮಂದಿ ಚಂದಾ ಹಾಕಿ ನಡೆಸುವ ಕ್ಲಬ್ಬು. ಕೋಲ್ಕತ್ತದ ಮೋಹನ್ ಬಗಾನ್ 1889ರಲ್ಲಿ ಹುಟ್ಟಿದ್ದು ಹೀಗೆಯೇ.

ಎರಡನೆಯದು ಕಾರ್ಖಾನೆಯ ಅಥವಾ ಇಲಾಖೆಯ ತಂಡ. ಬೆಂಗಳೂರಿನ ಎಚ್.ಎ.ಎಲ್. ಮತ್ತು ಐ.ಟಿ.ಐ. ತಂಡಗಳ ಹೆಸರನ್ನು ನಿಮ್ಮ ಮನೆಯ ಹಿರಿಯರು ಕೇಳಿರಬಹುದು. ಇಲ್ಲಿ ಆಟಗಾರ ಕಾರ್ಖಾನೆಯ ನೌಕರ. ಅವನಿಗೆ ಸಂಬಳ ಬರುವುದು ನೌಕರನೆಂದು. ಆದ್ದರಿಂದ ತಂಡದ ಲೆಕ್ಕದಲ್ಲಿ ಸಂಬಳ ಎಂಬ ದೊಡ್ಡ ಸಾಲು ಕಾಣುವುದೇ ಇಲ್ಲ. ಅದು ಕಾರ್ಖಾನೆಯ ಲೆಕ್ಕದಲ್ಲಿ ಸೇರಿಹೋಗಿರುತ್ತದೆ. ಆಟ ಬಿಟ್ಟ ಮೇಲೂ ನೌಕರಿ ಉಳಿಯುತ್ತಿತ್ತು, ನಿವೃತ್ತಿಯ ತನಕ ಮನೆ ನಡೆಯುತ್ತಿತ್ತು. ಬಡ ಕುಟುಂಬಗಳ ಎಷ್ಟೋ ಹುಡುಗರಿಗೆ ಇದು ದೊಡ್ಡ ಆಸರೆಯಾಗಿತ್ತು. ಆದರೆ ಕ್ರೀಡಾಪಟುಗಳ ನೇಮಕ ಕಡಿಮೆಯಾದರೆ ತಂಡವೂ ತಾನಾಗಿ ಸೊರಗುತ್ತದೆ. ಎಚ್.ಎ.ಎಲ್. ತಂಡ 2010ರಿಂದ 2012ರವರೆಗೆ ಎರಡು ಋತು ಐ-ಲೀಗ್ ಆಡಿ ಕೆಳಕ್ಕೆ ಇಳಿಯಿತು.

ಮೂರನೆಯದು ಕಂಪನಿಯಾಗಿಯೇ ಸ್ಥಾಪನೆಯಾದ ಕ್ಲಬ್ಬು. ಬೆಂಗಳೂರು ಎಫ್.ಸಿ. ಈ ಬಗೆಯದು. ಇಲ್ಲಿ ಆಟಗಾರನೊಡನೆ ಇಂತಿಷ್ಟು ವರ್ಷಕ್ಕೆ ಇಂತಿಷ್ಟು ಹಣ ಎಂದು ಒಪ್ಪಂದವಾಗುತ್ತದೆ. ಎಲ್ಲ ಖರ್ಚೂ ಕ್ಲಬ್ಬಿನ ಲೆಕ್ಕದಲ್ಲೇ ಬರುತ್ತದೆ. ವರಮಾನ ಸಾಲದೆ ಹೋದರೆ ಒಡೆತನದ ಉದ್ಯಮ ತನ್ನ ಕೈಯಿಂದ ಹಾಕಬೇಕು.

ಖರ್ಚಿನ ಪುಟ

ಖರ್ಚನ್ನು ಎರಡು ಭಾಗ ಮಾಡಿ ನೋಡುವುದು ಲೆಕ್ಕಶಾಸ್ತ್ರದ ಪದ್ಧತಿ. ಪ್ರತಿ ವರ್ಷವೂ ಮರಳಿ ಬರುವ ಖರ್ಚು ಒಂದು; ಅದನ್ನು ಚಾಲ್ತಿ ವೆಚ್ಚ ಎನ್ನುತ್ತೇವೆ. ಆಟಗಾರರ ಮತ್ತು ತರಬೇತುದಾರರ ಸಂಬಳ, ಪ್ರಯಾಣ, ವಸತಿ, ಮೈದಾನದ ಬಾಡಿಗೆ, ಔಷಧೋಪಚಾರ, ಚೆಂಡು, ಉಡುಪು ಇವೆಲ್ಲ ಚಾಲ್ತಿ ವೆಚ್ಚಗಳು. ಒಮ್ಮೆ ಮಾಡಿದರೆ ಹಲವು ವರ್ಷ ಉಪಯೋಗಕ್ಕೆ ಬರುವ ಖರ್ಚು ಇನ್ನೊಂದು. ಅದು ಬಂಡವಾಳ ವೆಚ್ಚ. ಮೈದಾನ ಸಮತಟ್ಟು ಮಾಡಿಸುವುದು, ಗೋಲು ಕಂಬ ನೆಡಿಸುವುದು, ಕೊಠಡಿ ಕಟ್ಟಿಸುವುದು ಈ ಗುಂಪಿಗೆ ಸೇರುತ್ತವೆ.

ವೃತ್ತಿಪರ ಕ್ಲಬ್ಬುಗಳಲ್ಲಿ ಅತಿ ದೊಡ್ಡ ಖರ್ಚು ಸಂಬಳ. ಇದು ಮಿತಿಮೀರದಿರಲೆಂದು ಇಂಡಿಯನ್ ಸೂಪರ್ ಲೀಗಿನಲ್ಲಿ ತಂಡವೊಂದರ ಆಟಗಾರರ ಸಂಬಳಕ್ಕೆ ಒಂದು ಗರಿಷ್ಠ ಮಿತಿ ಹಾಕಲಾಯಿತು. 2018ರ ಆಸುಪಾಸಿನ ಋತುಗಳಲ್ಲಿ ಈ ಮಿತಿ ಸುಮಾರು 16ರಿಂದ 18 ಕೋಟಿ ರೂಪಾಯಿಗಳ ನಡುವೆ ಇತ್ತು. ಈ ಸಂಖ್ಯೆಯನ್ನು ನೆನಪಿನಲ್ಲಿಡಿ. ಮುಂದಿನ ಲೆಕ್ಕಕ್ಕೆ ಬೇಕಾಗುತ್ತದೆ.

ವರಮಾನದ ಪುಟ

ಪ್ರಪಂಚದ ಯಾವ ದೊಡ್ಡ ಕ್ಲಬ್ಬಿನ ಲೆಕ್ಕ ತೆಗೆದರೂ ವರಮಾನ ಮುಖ್ಯವಾಗಿ ಮೂರು ಕಡೆಯಿಂದ ಬರುತ್ತದೆ. ಪಂದ್ಯದ ದಿನದ ಟಿಕೆಟ್ ಹಣ ಮೊದಲನೆಯದು. ಟೆಲಿವಿಷನ್ ಪ್ರಸಾರದ ಹಕ್ಕಿನಿಂದ ಬರುವ ಪಾಲು ಎರಡನೆಯದು. ಪ್ರಾಯೋಜಕರ ಹಣ ಮತ್ತು ಅಂಗಿ, ಟೋಪಿ ಮುಂತಾದವುಗಳ ಮಾರಾಟ ಮೂರನೆಯದು. ಇವುಗಳ ಜೊತೆಗೆ ಬಹುಮಾನದ ಹಣ, ಆಟಗಾರನನ್ನು ಬೇರೆ ಕ್ಲಬ್ಬಿಗೆ ಬಿಟ್ಟುಕೊಟ್ಟಾಗ ಸಿಗುವ ವರ್ಗಾವಣೆ ಶುಲ್ಕ, ಮಕ್ಕಳ ತರಬೇತಿ ಶಾಲೆಯ ಶುಲ್ಕ ಇವು ಸೇರುತ್ತವೆ.

ಟಿಕೆಟ್ ಹಣವೊಂದೇ ಸಾಲುತ್ತದೆಯೇ? ಒಂದು ಲೆಕ್ಕ ಮಾಡೋಣ. 2024-25ರ ಇಂಡಿಯನ್ ಸೂಪರ್ ಲೀಗಿನಲ್ಲಿ 13 ತಂಡಗಳಿದ್ದವು. ಪ್ರತಿ ತಂಡಕ್ಕೂ ಲೀಗ್ ಹಂತದಲ್ಲಿ 24 ಪಂದ್ಯ. ಅವುಗಳಲ್ಲಿ 12 ತವರಿನಲ್ಲಿ. ಪ್ರತಿ ತವರು ಪಂದ್ಯಕ್ಕೆ 10,000 ಮಂದಿ ಬಂದರು, ಸರಾಸರಿ 150 ರೂಪಾಯಿ ಕೊಟ್ಟರು ಎಂದು ಊಹಿಸಿಕೊಳ್ಳಿ. ಒಂದು ಪಂದ್ಯಕ್ಕೆ 15 ಲಕ್ಷ ರೂಪಾಯಿ. ಹನ್ನೆರಡು ಪಂದ್ಯಕ್ಕೆ 1 ಕೋಟಿ 80 ಲಕ್ಷ. ಸಂಬಳದ ಮಿತಿಯೇ 16ರಿಂದ 18 ಕೋಟಿ ಎಂದಾದರೆ, ಟಿಕೆಟ್ ಹಣ ಅದರ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಅದರಲ್ಲೂ ಕ್ರೀಡಾಂಗಣದ ಬಾಡಿಗೆ, ದೀಪ, ಭದ್ರತೆ ಇವುಗಳ ಖರ್ಚನ್ನು ಕಳೆಯಬೇಕು. ಬೆಂಗಳೂರು ಎಫ್.ಸಿ. ಆಡುತ್ತ ಬಂದಿರುವ ಶ್ರೀ ಕಂಠೀರವ ಕ್ರೀಡಾಂಗಣ ಕ್ಲಬ್ಬಿನ ಸ್ವತ್ತಲ್ಲ, ಸರ್ಕಾರದ್ದು.

ಹಾಗಾದರೆ ಬಹುಮಾನದ ಹಣ? 2018-19ರಲ್ಲಿ ಪ್ರಶಸ್ತಿ ಗೆದ್ದ ತಂಡಕ್ಕೆ ಸಿಕ್ಕ ಬಹುಮಾನ 8 ಕೋಟಿ ರೂಪಾಯಿ. ಇಡೀ ಲೀಗನ್ನೇ ಗೆದ್ದರೂ ಸಂಬಳದ ಮಿತಿಯ ಅರ್ಧದಷ್ಟು ಮಾತ್ರ ಕೈಗೆ ಬರುತ್ತದೆ ಎಂದಾಯಿತು. ಗೆಲ್ಲುವುದು ಒಂದೇ ತಂಡ. ಉಳಿದವರ ಕಥೆ ಏನು? ಮುಂದಿನ ವರ್ಷ ಅದೇ ತಂಡ ಗೆಲ್ಲುತ್ತದೆಂಬ ಭರವಸೆಯೂ ಇಲ್ಲ. ಆದ್ದರಿಂದ ಜಾಣ ಖಜಾಂಚಿಯಾದವನು ಬಹುಮಾನವನ್ನು ಮುಂಗಡಪತ್ರದಲ್ಲಿ ವರಮಾನವೆಂದು ಬರೆಯುವುದಿಲ್ಲ. ಬಂದರೆ ಅದು ಬೋನಸ್ಸು.

ಇಲ್ಲಿ ಒಂದು ನಿಯಮ ಸಿಗುತ್ತದೆ. ಪ್ರತಿ ವರ್ಷ ಬರುವ ಖರ್ಚನ್ನು ಪ್ರತಿ ವರ್ಷ ಬರುವ ವರಮಾನದಿಂದಲೇ ತೂಗಿಸಬೇಕು. ಒಮ್ಮೆ ಮಾತ್ರ ಬರುವ ಹಣವನ್ನು ಒಮ್ಮೆ ಮಾತ್ರ ಮಾಡುವ ಖರ್ಚಿಗೆ ಅಥವಾ ಠೇವಣಿಗೆ ಬಳಸಬೇಕು. ಬಹುಮಾನ ಬಂತೆಂದು ಸಂಬಳ ಏರಿಸಿದ ಕ್ಲಬ್ಬು ಮರುವರ್ಷ ಬಹುಮಾನ ಬಾರದಿದ್ದಾಗ ಸಾಲ ಮಾಡಬೇಕಾಗುತ್ತದೆ.

2025ರಲ್ಲಿ ಆದದ್ದೇನು?

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರ ಡಿಸೆಂಬರ್ ತಿಂಗಳಲ್ಲಿ ಒಂದು ಖಾಸಗಿ ಸಂಸ್ಥೆಯೊಡನೆ 15 ವರ್ಷಗಳ ಒಪ್ಪಂದ ಮಾಡಿಕೊಂಡಿತು. ಅದರ ಮೊತ್ತ 700 ಕೋಟಿ ರೂಪಾಯಿ. ಭಾರತದ ಫುಟ್‌ಬಾಲಿನ ವಾಣಿಜ್ಯ ಹಕ್ಕುಗಳು, ಅಂದರೆ ಪ್ರಸಾರ, ಪ್ರಾಯೋಜಕತ್ವ, ಜಾಹೀರಾತು ಇವೆಲ್ಲ ಆ ಸಂಸ್ಥೆಯ ಕೈಗೆ ಹೋದವು. 2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗ್ ನಡೆದದ್ದು ಈ ಒಪ್ಪಂದದ ಬಲದ ಮೇಲೆ.

ಒಪ್ಪಂದದ ಅವಧಿ 2025ರ ಡಿಸೆಂಬರಿಗೆ ಮುಗಿಯುವುದಿತ್ತು. ನವೀಕರಣ ಆಗಲಿಲ್ಲ. ಮುಂದೇನೆಂದು ತಿಳಿಯದ ಕಾರಣ 2025ರ ಜುಲೈ ತಿಂಗಳಲ್ಲಿ 2025-26ರ ಲೀಗನ್ನು ತಡೆಹಿಡಿಯಲಾಯಿತು. ಹೊಸ ಪಾಲುದಾರರಿಗಾಗಿ ಕರೆದ ಟೆಂಡರಿಗೆ ನವೆಂಬರಿನಲ್ಲಿ ಒಂದು ಬಿಡ್ ಕೂಡ ಬರಲಿಲ್ಲ.

ಲೀಗು ನಿಂತಾಗ ಕ್ಲಬ್ಬಿನ ಲೆಕ್ಕದಲ್ಲಿ ಆದದ್ದೇನೆಂದು ಯೋಚಿಸಿ. ಪಂದ್ಯವಿಲ್ಲವೆಂದರೆ ಟಿಕೆಟ್ ಇಲ್ಲ. ಪ್ರಸಾರವಿಲ್ಲವೆಂದರೆ ಪ್ರಸಾರದ ಪಾಲಿಲ್ಲ. ತಂಡ ಪರದೆಯ ಮೇಲೆ ಕಾಣದಿದ್ದರೆ ಪ್ರಾಯೋಜಕರು ಹಣ ಕೊಡಲು ಹಿಂಜರಿಯುತ್ತಾರೆ. ಮೂರು ಬಾಗಿಲುಗಳಂತೆ ಕಾಣುತ್ತಿದ್ದ ವರಮಾನ ವಾಸ್ತವದಲ್ಲಿ ಒಂದೇ ಬೀಗಕ್ಕೆ ಸೇರಿತ್ತು. ಆದರೆ ಸಂಬಳದ ಒಪ್ಪಂದಗಳು ಹಾಗೆಯೇ ಇದ್ದವು. ಒಡೆತನದ ಉದ್ಯಮ ಎಷ್ಟು ದೊಡ್ಡದಾದರೂ ವರಮಾನದ ದಿಕ್ಕೇ ಕಾಣದ ಕಡೆ ಹಣ ಸುರಿಯಲು ಯೋಚಿಸುತ್ತದೆ. ಅದರ ಪರಿಣಾಮ ಅನುಭವಿಸಿದವರು ಆಟಗಾರರು, ತರಬೇತುದಾರರು, ಸಹಾಯಕ ಸಿಬ್ಬಂದಿ. ಆಟಗಾರನ ವೃತ್ತಿಜೀವನ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ. ಅದರಲ್ಲಿ ಕೆಲವು ತಿಂಗಳು ಸಂಬಳವಿಲ್ಲದೆ ಕಳೆಯುವುದೆಂದರೆ ಅವನನ್ನು ನಂಬಿದ ಮನೆಗೆ ಸಣ್ಣ ಪೆಟ್ಟಲ್ಲ.

ಅದೇ ಪ್ರಕಟಣೆಯಲ್ಲಿದ್ದ ಇನ್ನೊಂದು ಮಾತನ್ನು ಗಮನಿಸಬೇಕು. ಬಾಲಕ, ಬಾಲಕಿಯರ ಕಿರಿಯ ತಂಡಗಳು ಮತ್ತು ಕ್ಲಬ್ಬಿನ ಫುಟ್‌ಬಾಲ್ ಶಾಲೆಗಳು ಎಂದಿನಂತೆ ನಡೆಯುತ್ತವೆ ಎಂದು ಕ್ಲಬ್ಬು ತಿಳಿಸಿತು. ಫುಟ್‌ಬಾಲ್ ಶಾಲೆಗೆ ಬರುವ ಮಕ್ಕಳ ಮನೆಯವರು ಶುಲ್ಕ ಕೊಡುತ್ತಾರೆ. ಸಣ್ಣ ಮೊತ್ತ ಹಲವು ಕೈಗಳಿಂದ ಬರುತ್ತದೆ. ಟೆಲಿವಿಷನ್ ಒಪ್ಪಂದ ಏನೇ ಆದರೂ ಮಗು ಬೆಳಗ್ಗೆ ಅಭ್ಯಾಸಕ್ಕೆ ಬಂದೇ ಬರುತ್ತದೆ.

ಬೆರಳಿನ ಪರೀಕ್ಷೆ

ಸ್ವಾವಲಂಬನೆ ಎಂದರೆ ಯಾರಿಂದಲೂ ಸಹಾಯ ಪಡೆಯದಿರುವುದು ಎಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ದಾನಿಗಳಿಲ್ಲದೆ, ಪ್ರಾಯೋಜಕರಿಲ್ಲದೆ ಯಾವ ಆಟವೂ ಬೆಳೆದಿಲ್ಲ. ಸ್ವಾವಲಂಬನೆ ಎಂದರೆ ಯಾವ ಒಬ್ಬ ಸಹಾಯಕ ಕೈಬಿಟ್ಟರೂ ಆಟ ನಿಲ್ಲದಿರುವುದು.

ಇದನ್ನು ಅಳೆಯಲು ಒಂದು ಸುಲಭ ವಿಧಾನ ಹೇಳುತ್ತೇನೆ. ಕ್ಲಬ್ಬಿನ ವರಮಾನದ ಪಟ್ಟಿಯನ್ನು ಮುಂದಿಟ್ಟುಕೊಳ್ಳಿ. ಅದರಲ್ಲಿ ಅತಿ ದೊಡ್ಡ ಮೊತ್ತವಿರುವ ಸಾಲನ್ನು ನಿಮ್ಮ ಬೆರಳಿನಿಂದ ಮುಚ್ಚಿ. ಉಳಿದ ಸಾಲುಗಳನ್ನು ಕೂಡಿ. ಆ ಮೊತ್ತದಿಂದ ಕ್ಲಬ್ಬಿನ ಅತ್ಯಗತ್ಯ ಖರ್ಚು ನಡೆಯುತ್ತದೆಯೇ? ನಡೆದರೆ ಕ್ಲಬ್ಬು ಸ್ವಂತ ಕಾಲ ಮೇಲೆ ನಿಂತಿದೆ. ನಡೆಯದಿದ್ದರೆ ಅದು ಇನ್ನೊಬ್ಬರ ಹೆಗಲ ಮೇಲೆ ಕುಳಿತಿದೆ.

ಈ ಪರೀಕ್ಷೆಯಲ್ಲಿ ಸೋತ ಕ್ಲಬ್ಬುಗಳು ಕಡಿಮೆಯೇನಲ್ಲ. ಪಂಜಾಬಿನ ಫಗ್ವಾಡಾದ ಜೆ.ಸಿ.ಟಿ. ತಂಡ 1996-97ರಲ್ಲಿ ದೇಶದ ಮೊಟ್ಟಮೊದಲ ರಾಷ್ಟ್ರೀಯ ಲೀಗನ್ನು ಗೆದ್ದ ತಂಡ. ಅದನ್ನು ಸಾಕಿದ್ದು ಒಂದು ಬಟ್ಟೆ ಗಿರಣಿ. 2011ರಲ್ಲಿ ತಂಡವನ್ನೇ ಮುಚ್ಚಲಾಯಿತು. ಮುಂಬಯಿಯ ಮಹೀಂದ್ರಾ ಯುನೈಟೆಡ್ 2005-06ರ ರಾಷ್ಟ್ರೀಯ ಲೀಗ್ ಗೆದ್ದಿತ್ತು. 2010ರಲ್ಲಿ ಅದೂ ಮುಚ್ಚಿತು. ಎರಡೂ ಚಾಂಪಿಯನ್ ತಂಡಗಳೇ. ಆದರೆ ಎರಡರ ವರಮಾನವೂ ಬಹುಪಾಲು ಒಂದೇ ಸಾಲಿನದು. ಕಂಪನಿ ಮನಸ್ಸು ಬದಲಿಸಿದ ದಿನ ಕಪಾಟಿನಲ್ಲಿದ್ದ ಕಪ್ಪುಗಳು ಆ ತಂಡಗಳನ್ನು ಉಳಿಸಲಿಲ್ಲ.

ನಮ್ಮ ಹೊಲದಲ್ಲೇ ಇರುವ ಪಾಠ

ಹನೂರು, ರಾಮಾಪುರ, ಕೌದಳ್ಳಿ ಸೀಮೆಯ ಮಕ್ಕಳಿಗೆ ಈ ವಿಚಾರ ಹೊಸದಲ್ಲ. ಮಳೆ ನಂಬಿ ಬೇಸಾಯ ಮಾಡುವ ನಿಮ್ಮ ಮನೆಯ ಹಿರಿಯರು ರಾಗಿ ಹೊಲದಲ್ಲಿ ರಾಗಿಯೊಂದನ್ನೇ ಬಿತ್ತುವುದಿಲ್ಲ. ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಾರೆ. ಮಳೆ ಹಿಂದು ಮುಂದಾಗಿ ರಾಗಿ ಕೈಕೊಟ್ಟರೂ ಅವರೆಯೋ ತೊಗರಿಯೋ ಮನೆಗೆ ಬರುತ್ತದೆ. ಕ್ಲಬ್ಬಿನ ವರಮಾನವೂ ಹೀಗೆ ಅಕ್ಕಡಿ ಬೆಳೆಯಂತಿರಬೇಕು. ಸಾಲುಗಳು ಹಲವಾಗಿರಬೇಕು, ಮತ್ತು ಒಂದಕ್ಕೆ ಬಂದ ರೋಗ ಇನ್ನೊಂದಕ್ಕೆ ತಗಲದಂತಿರಬೇಕು. ಟಿಕೆಟ್, ಪ್ರಸಾರ, ಪ್ರಾಯೋಜಕತ್ವ ಮೂರೂ ಒಂದೇ ಲೀಗನ್ನು ನೆಚ್ಚಿದ್ದಾಗ ಏನಾಗುತ್ತದೆ ಎಂಬುದನ್ನು ಆಗಲೇ ನೋಡಿದೆವು.

ಒಂದು ಮಾದರಿ ಲೆಕ್ಕ

ಈಗ ರಾಮಾಪುರದಂಥ ಹೋಬಳಿ ಊರಿನಲ್ಲಿ ಇಪ್ಪತ್ತು ಆಟಗಾರರ ಒಂದು ಕ್ಲಬ್ಬು ಇದೆ ಎಂದು ಭಾವಿಸೋಣ. ಕೆಳಗಿನ ಅಂಕಿಗಳು ಯಾವುದೇ ನಿಜವಾದ ಕ್ಲಬ್ಬಿನವಲ್ಲ. ಲೆಕ್ಕ ಕಲಿಯುವುದಕ್ಕಾಗಿ ಬರೆದವು. ನಿಮ್ಮ ಊರಿನ ದರಗಳನ್ನು ವಿಚಾರಿಸಿ ತಿದ್ದಿಕೊಳ್ಳಬಹುದು.

ವರ್ಷದ ಖರ್ಚು:
ಚೆಂಡು 6, ತಲಾ 1,200 ರೂ. – 7,200
ಮೈದಾನಕ್ಕೆ ಸುಣ್ಣದ ಗೆರೆ, ಬಲೆ, ದುರಸ್ತಿ – 6,000
ಕೊಳ್ಳೇಗಾಲ, ಚಾಮರಾಜನಗರ, ಮೈಸೂರಿಗೆ ಪ್ರಯಾಣ 8 ಬಾರಿ, ತಲಾ 2,500 ರೂ. – 20,000
ಪಂದ್ಯಾವಳಿಗಳ ಪ್ರವೇಶ ಶುಲ್ಕ 6, ತಲಾ 1,000 ರೂ. – 6,000
ಪ್ರಥಮ ಚಿಕಿತ್ಸೆ – 3,000
ನೋಂದಣಿ, ಲೆಕ್ಕ ತಪಾಸಣೆ, ಬ್ಯಾಂಕು – 4,000
ಉಡುಪು – 12,000
ವಾರ್ಷಿಕ ಸಮಾರಂಭ, ಬಹುಮಾನ – 8,000
ಅನಿರೀಕ್ಷಿತ ಖರ್ಚಿಗೆ – 3,800
ಒಟ್ಟು – 70,000 ರೂಪಾಯಿ

ಇವುಗಳಲ್ಲಿ ಮೊದಲ ಆರು ಬಾಬುಗಳಿಲ್ಲದೆ ಆಟವೇ ನಡೆಯದು. ಅವುಗಳ ಮೊತ್ತ 46,200 ರೂಪಾಯಿ. ಕೊನೆಯ ಮೂರು ಬಾಬುಗಳನ್ನು, ಅಂದರೆ 23,800 ರೂಪಾಯಿಯನ್ನು, ಕಷ್ಟದ ವರ್ಷದಲ್ಲಿ ಮುಂದೂಡಬಹುದು. ಹಳೆಯ ಅಂಗಿಯಲ್ಲೇ ಇನ್ನೊಂದು ವರ್ಷ ಆಡಬಹುದು, ಚೆಂಡಿಲ್ಲದೆ ಆಡಲಾಗದು.

ಮೊದಲ ವರ್ಷದ ವರಮಾನ:
ಊರಿನ ಒಬ್ಬ ದಾನಿಗಳಿಂದ – 45,000
ಆಟಗಾರರ ತಿಂಗಳ ಚಂದಾ, 20 ಮಂದಿ, ತಲಾ 50 ರೂ. – 12,000
ನಾಲ್ಕು ಅಂಗಡಿಗಳ ಜಾಹೀರಾತು, ತಲಾ 2,000 ರೂ. – 8,000
ತಾವೇ ನಡೆಸಿದ ಪಂದ್ಯಾವಳಿಯಲ್ಲಿ ಖರ್ಚು ಕಳೆದು ಉಳಿದದ್ದು – 5,000
ಒಟ್ಟು – 70,000 ರೂಪಾಯಿ

ಜಮಾ ಖರ್ಚು ಸರಿಸಮ. ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ. ಈಗ ಬೆರಳಿನ ಪರೀಕ್ಷೆ ಮಾಡಿ. 45,000ವನ್ನು ಮುಚ್ಚಿದರೆ ಉಳಿಯುವುದು 25,000. ಅತ್ಯಗತ್ಯ ಖರ್ಚು 46,200. ಕೊರತೆ 21,200. ದಾನಿಗಳು ಊರು ಬಿಟ್ಟರೆ, ಅವರ ವ್ಯಾಪಾರ ಕುಸಿದರೆ, ಇಲ್ಲವೇ ಅವರಿಗೆ ಆಟದ ಮೇಲಿನ ಆಸಕ್ತಿ ಕಡಿಮೆಯಾದರೆ ಕ್ಲಬ್ಬು ಆ ವರ್ಷವೇ ನಿಲ್ಲುತ್ತದೆ.

ಮೂರು ವರ್ಷ ಶ್ರಮಪಟ್ಟ ಮೇಲೆ ವರಮಾನ ಹೀಗಾಯಿತು ಎಂದಿಟ್ಟುಕೊಳ್ಳಿ:
ಹಳೆಯ ಆಟಗಾರರು ಮತ್ತು ಅಭಿಮಾನಿಗಳ ವಾರ್ಷಿಕ ಸದಸ್ಯತ್ವ, 40 ಮಂದಿ, ತಲಾ 500 ರೂ. – 20,000
ದಾನಿಗಳಿಂದ – 14,000
ಆಟಗಾರರ ಚಂದಾ – 12,000
ಆರು ಅಂಗಡಿಗಳ ಜಾಹೀರಾತು – 12,000
ಪಂದ್ಯಾವಳಿಯ ಉಳಿಕೆ – 6,000
ಮಕ್ಕಳ ಬೇಸಿಗೆ ಶಿಬಿರ, 30 ಮಕ್ಕಳು, ತಲಾ 200 ರೂ. – 6,000
ಒಟ್ಟು – 70,000 ರೂಪಾಯಿ

ಒಟ್ಟು ಮೊತ್ತದಲ್ಲಿ ಒಂದು ರೂಪಾಯಿಯೂ ಹೆಚ್ಚಾಗಿಲ್ಲ. ಆದರೆ ಈಗ ಅತಿ ದೊಡ್ಡ ಸಾಲಾದ 20,000ವನ್ನು ಮುಚ್ಚಿದರೂ 50,000 ಉಳಿಯುತ್ತದೆ. ಅತ್ಯಗತ್ಯ ಖರ್ಚು ಕಳೆದು 3,800 ರೂಪಾಯಿ ಮಿಗುತ್ತದೆ. ಕ್ಲಬ್ಬು ಮೊದಲಿಗಿಂತ ಶ್ರೀಮಂತವಾಗಲಿಲ್ಲ, ಭದ್ರವಾಯಿತು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಬಡ ಮನೆಯ ಹುಡುಗ ಅಥವಾ ಹುಡುಗಿ ತಿಂಗಳಿಗೆ 50 ರೂಪಾಯಿ ಕೊಡಲಾಗದಿದ್ದರೆ ಏನು ಮಾಡಬೇಕು ಎಂದು ನೀವು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಹಣ ಕೊಡಲಾರದವರು ಮೈದಾನ ಗುಡಿಸುವುದು, ಗೆರೆ ಹಾಕುವುದು, ಚಿಕ್ಕ ಮಕ್ಕಳಿಗೆ ಕಲಿಸುವುದು ಇಂಥ ಕೆಲಸದಿಂದ ತಮ್ಮ ಪಾಲು ಸಲ್ಲಿಸಬಹುದು. ಹಾಗೆ ಉಳಿದ ಕೂಲಿಯೂ ಒಂದು ವರಮಾನವೇ. ಆಟದಿಂದ ಯಾರನ್ನೂ ಹೊರಗಿಡದಂತೆ ನಿಯಮ ಮಾಡಿಕೊಳ್ಳುವುದು ಕ್ಲಬ್ಬಿನ ಹೊಣೆ.

ಹೊರದೇಶಗಳಲ್ಲಿ ಏನು ಮಾಡಿದರು?

ಯುರೋಪಿನಲ್ಲಿ ಕ್ಲಬ್ಬುಗಳು ಗಳಿಕೆಗಿಂತ ಹೆಚ್ಚು ಖರ್ಚು ಮಾಡಿ ಸಾಲದಲ್ಲಿ ಮುಳುಗುವುದನ್ನು ಕಂಡು ಅಲ್ಲಿನ ಫುಟ್‌ಬಾಲ್ ಒಕ್ಕೂಟವಾದ ಯುಎಫಾ 2010ರಲ್ಲಿ ಆರ್ಥಿಕ ಶಿಸ್ತಿನ ನಿಯಮಗಳನ್ನು ಒಪ್ಪಿತು. 2022ರಲ್ಲಿ ಅವುಗಳನ್ನು ತಿದ್ದಿತು. ಆಟಗಾರರ ಸಂಬಳ, ವರ್ಗಾವಣೆ ಮತ್ತು ಮಧ್ಯವರ್ತಿಗಳ ಖರ್ಚು ಎಲ್ಲ ಸೇರಿ ಕ್ಲಬ್ಬಿನ ವರಮಾನದ ಇಂತಿಷ್ಟು ಪಾಲನ್ನು ಮೀರಬಾರದು ಎಂಬುದು ಹೊಸ ನಿಯಮ. ಮಿತಿಯನ್ನು ಶೇಕಡಾ 90ರಿಂದ ಆರಂಭಿಸಿ, 80ಕ್ಕೆ ಇಳಿಸಿ, 2025-26ರ ಋತುವಿಗೆ ಶೇಕಡಾ 70ಕ್ಕೆ ತಂದರು. ಮೂರು ಮೆಟ್ಟಿಲಾಗಿ ಇಳಿಸಿದ್ದನ್ನು ಗಮನಿಸಿ. ಖರ್ಚಿನ ಅಭ್ಯಾಸ ಒಂದೇ ದಿನದಲ್ಲಿ ಬದಲಾಗುವುದಿಲ್ಲ.

ಜರ್ಮನಿಯಲ್ಲಿ ಇನ್ನೊಂದು ಉಪಾಯವಿದೆ. ಅಲ್ಲಿ 1998ರಿಂದ ಕ್ಲಬ್ಬುಗಳು ತಮ್ಮ ವೃತ್ತಿಪರ ತಂಡವನ್ನು ಕಂಪನಿಯಾಗಿಸಬಹುದು. ಆದರೆ ಮತದಾನದ ಅರ್ಧಕ್ಕಿಂತ ಹೆಚ್ಚು ಹಕ್ಕು ಸದಸ್ಯರ ಸಂಘದ ಕೈಯಲ್ಲೇ ಉಳಿಯಬೇಕು. ಹಣ ಹಾಕುವವರು ಬರಲಿ, ಆದರೆ ಕ್ಲಬ್ಬನ್ನು ಮುಚ್ಚುವ ಕೀಲಿ ಅವರೊಬ್ಬರ ಕೈಗೆ ಹೋಗದಿರಲಿ ಎಂಬುದು ಇದರ ಉದ್ದೇಶ. ಕೆಲವು ಕ್ಲಬ್ಬುಗಳಿಗೆ ಇದರಲ್ಲಿ ವಿನಾಯಿತಿಯೂ ಉಂಟು.

ಇಂಗ್ಲೆಂಡಿನಲ್ಲಿ ನಡೆದ ಸಂಗತಿ ಇನ್ನೂ ಸ್ವಾರಸ್ಯಕರ. ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ಒಡೆಯರು ಬೇರೆ ಊರಿಗೆ ಸಾಗಿಸಲು 2002ರಲ್ಲಿ ಅನುಮತಿ ಪಡೆದಾಗ ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ. ತಾವೇ ಎ.ಎಫ್.ಸಿ. ವಿಂಬಲ್ಡನ್ ಎಂಬ ಹೊಸ ಕ್ಲಬ್ಬು ಕಟ್ಟಿದರು. ಒಂಬತ್ತನೆಯ ದರ್ಜೆಯಿಂದ ಆರಂಭಿಸಿ, ಒಂಬತ್ತು ವರ್ಷಗಳಲ್ಲಿ ಐದು ಬಾರಿ ಬಡ್ತಿ ಪಡೆದು 2011ರಲ್ಲಿ ಫುಟ್‌ಬಾಲ್ ಲೀಗಿಗೆ ಮರಳಿದರು. 2020ರಲ್ಲಿ ತಮ್ಮ ಹಳೆಯ ಬಡಾವಣೆಯಲ್ಲೇ ಹೊಸ ಕ್ರೀಡಾಂಗಣದಲ್ಲಿ ಆಡಿದರು.

ಕಾಗದ ಪತ್ರಗಳ ಬೆಲೆ

ಹಳ್ಳಿಯ ಕ್ಲಬ್ಬಿಗೆ ಕಾಗದ ಪತ್ರ ಯಾಕೆ ಎಂದು ಹಲವರು ಉದಾಸೀನ ಮಾಡುತ್ತಾರೆ. ಒಂದು ನಿಯಮ ಕೇಳಿ. ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ನಿಯಮದಂತೆ, ಆಟಗಾರನೊಬ್ಬ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಶುಲ್ಕದ ಮೇಲೆ ವರ್ಗವಾದಾಗ ಆ ಶುಲ್ಕದ ಶೇಕಡಾ 5ರಷ್ಟನ್ನು ಅವನ 12ರಿಂದ 23ನೆಯ ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಹಂಚಬೇಕು. 12ರಿಂದ 15ರ ವಯಸ್ಸಿನ ಪ್ರತಿ ವರ್ಷಕ್ಕೆ ಶೇಕಡಾ 0.25, ಅನಂತರದ ಪ್ರತಿ ವರ್ಷಕ್ಕೆ ಶೇಕಡಾ 0.5.

ನಿಮ್ಮ ಊರಿನ ಹುಡುಗನೊಬ್ಬ ಆ ನಾಲ್ಕು ಎಳೆಯ ವರ್ಷಗಳಲ್ಲಿ ನಿಮ್ಮ ಕ್ಲಬ್ಬಿನಲ್ಲಿ ಆಡಿದ್ದ, ಮುಂದೆ ಒಂದು ಕೋಟಿ ರೂಪಾಯಿಗೆ ಹೊರದೇಶಕ್ಕೆ ವರ್ಗವಾದ ಎಂದು ಭಾವಿಸಿ. ಕ್ಲಬ್ಬಿನ ಪಾಲು ಶೇಕಡಾ 1, ಅಂದರೆ ಒಂದು ಲಕ್ಷ ರೂಪಾಯಿ. ನಮ್ಮ ಮಾದರಿ ಕ್ಲಬ್ಬಿನ ಇಡೀ ವರ್ಷದ ಖರ್ಚಿಗಿಂತ ಹೆಚ್ಚು! ಆದರೆ ಅವನ ಹೆಸರು ಆ ವರ್ಷಗಳಲ್ಲಿ ಫೆಡರೇಷನ್ನಿನ ಕೇಂದ್ರೀಯ ನೋಂದಣಿಯಲ್ಲಿ ನಿಮ್ಮ ಕ್ಲಬ್ಬಿನ ಹೆಸರಿನಡಿ ದಾಖಲಾಗಿರಬೇಕು. ದಾಖಲೆಯಿಲ್ಲದಿದ್ದರೆ ಹಕ್ಕು ಸಾಧಿಸಲು ಆಧಾರವೇ ಇರುವುದಿಲ್ಲ. ಇಂಥ ಅವಕಾಶ ಬಹಳ ಅಪರೂಪ. ಇದನ್ನು ನಂಬಿ ಮುಂಗಡಪತ್ರ ಬರೆಯಬಾರದು. ಆದರೆ ನೋಂದಣಿ ಮಾಡಿಸದೆ ಬಾಗಿಲನ್ನು ನಾವೇ ಮುಚ್ಚಿಕೊಳ್ಳಲೂಬಾರದು.

ಸಂಘದ ನೋಂದಣಿಯೂ ಹೀಗೆಯೇ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ಕನಿಷ್ಠ 7 ಮಂದಿ ಸೇರಿ ಸಂಘ ನೋಂದಾಯಿಸಬಹುದು. ನೋಂದಣಿಯಾದರೆ ಸಂಘದ ಹೆಸರಿನಲ್ಲಿ ಬ್ಯಾಂಕು ಖಾತೆ ತೆರೆಯಲು, ಅನುದಾನಕ್ಕೆ ಅರ್ಜಿ ಹಾಕಲು ದಾರಿಯಾಗುತ್ತದೆ. ಅದರ ಜೊತೆಗೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸುವ, ಲೆಕ್ಕಪತ್ರ ಸಲ್ಲಿಸುವ ಹೊಣೆಯೂ ಬರುತ್ತದೆ.

ಲೆಕ್ಕ ಎಲ್ಲರಿಗೂ ಕಾಣಲಿ

ಮಲೆ ಮಹದೇಶ್ವರ ಬೆಟ್ಟದಲ್ಲಿ ಹುಂಡಿ ಎಣಿಕೆ ನಡೆಯುವ ಬಗೆಯನ್ನು ನೀವು ಕೇಳಿರಬಹುದು. ಹಲವರ ಎದುರಿನಲ್ಲಿ ಹುಂಡಿ ತೆರೆದು, ಎಣಿಸಿ, ಮೊತ್ತವನ್ನು ಪ್ರಕಟಿಸುತ್ತಾರೆ. ಹತ್ತು ರೂಪಾಯಿ ಹಾಕಿದ ಭಕ್ತನಿಗೂ ಒಟ್ಟು ಎಷ್ಟಾಯಿತೆಂದು ತಿಳಿಯುತ್ತದೆ. ಕ್ಲಬ್ಬಿನ ಹಣವೂ ಹೀಗೆಯೇ ಎಲ್ಲರ ಎದುರಿನಲ್ಲಿ ಇರಬೇಕು. ಬಂದ ಪ್ರತಿ ರೂಪಾಯಿಗೆ ರಸೀದಿ, ಹೋದ ಪ್ರತಿ ರೂಪಾಯಿಗೆ ವೋಚರ್. ಖಾತೆಯಿಂದ ಹಣ ತೆಗೆಯಲು ಇಬ್ಬರ ಸಹಿ. ತಿಂಗಳಿಗೊಮ್ಮೆ ಜಮಾ-ಖರ್ಚಿನ ಪಟ್ಟಿ ಮೈದಾನದ ಬಳಿ ಅಂಟಿಸುವುದು. ವರ್ಷದ ಕೊನೆಗೆ ಕ್ಲಬ್ಬಿನ ಹೊರಗಿನವರೊಬ್ಬರಿಂದ ತಪಾಸಣೆ.

ಇದು ಬರೀ ಪ್ರಾಮಾಣಿಕತೆಯ ಮಾತಲ್ಲ, ವರಮಾನದ ಮಾತೂ ಹೌದು. 500 ರೂಪಾಯಿ ಕೊಟ್ಟವರಿಗೆ ಅದು ಚೆಂಡಿಗೆ ಹೋಯಿತೋ ಪ್ರಯಾಣಕ್ಕೆ ಹೋಯಿತೋ ಎಂದು ಕಂಡರೆ ಮುಂದಿನ ವರ್ಷವೂ ಕೊಡುತ್ತಾರೆ. ಕಾಣದಿದ್ದರೆ ಒಮ್ಮೆ ಕೊಟ್ಟು ಸುಮ್ಮನಾಗುತ್ತಾರೆ. ಒಬ್ಬ ದೊಡ್ಡ ದಾನಿಯನ್ನು ಒಪ್ಪಿಸಲು ಒಂದು ಭೇಟಿ ಸಾಕು. ನಲವತ್ತು ಮಂದಿ ಸದಸ್ಯರನ್ನು ವರ್ಷ ವರ್ಷವೂ ಉಳಿಸಿಕೊಳ್ಳಲು ತೆರೆದ ಲೆಕ್ಕವೇ ಬೇಕು. ಸ್ವಾವಲಂಬನೆಯ ದಾರಿ ನಿಧಾನವಾಗಿರುವುದು ಈ ಕಾರಣದಿಂದ. ಭದ್ರವಾಗಿರುವುದೂ ಇದೇ ಕಾರಣದಿಂದ.

ನಿಮ್ಮ ಶಾಲೆಯ ಕ್ರೀಡಾ ಸಂಘವೋ ಊರಿನ ಯುವಕ ಸಂಘವೋ ಈಗಾಗಲೇ ಇದ್ದರೆ ಅದರ ಲೆಕ್ಕ ನೋಡಲು ಕೇಳಿ. ಅದು ಸದಸ್ಯರ ಹಕ್ಕು. ವಾಣಿಜ್ಯ ಶಾಸ್ತ್ರ ಓದುವವರು ಖಜಾಂಚಿಗೆ ಪುಸ್ತಕ ಬರೆಯಲು ನೆರವಾಗಬಹುದು. ಆಡಲು ಬಾರದವರೂ ಆಟವನ್ನು ಉಳಿಸಬಲ್ಲರು.

ನೀವೇ ಮಾಡಿ ನೋಡಿ

1. ಮೇಲಿನ ಮಾದರಿ ಕ್ಲಬ್ಬಿನ ಮೂರು ವರ್ಷಗಳ ನಂತರದ ವರಮಾನದಲ್ಲಿ ಎರಡು ಅತಿ ದೊಡ್ಡ ಸಾಲುಗಳು ಒಟ್ಟಿಗೇ ನಿಂತರೆ ಎಷ್ಟು ಉಳಿಯುತ್ತದೆ? ಯಾವ ಖರ್ಚನ್ನು ಕಡಿಮೆ ಮಾಡುವಿರಿ?

2. ಕ್ಲಬ್ಬಿಗೆ ಒಮ್ಮೆ 30,000 ರೂಪಾಯಿ ಬಹುಮಾನ ಬಂದಿದೆ. ಅದನ್ನು ತರಬೇತುದಾರರ ಸಂಬಳಕ್ಕೆ ಬಳಸಬೇಕೋ, ಗೋಲು ಕಂಬಕ್ಕೋ, ಠೇವಣಿಗೋ? ಕಾರಣ ಕೊಟ್ಟು ಬರೆಯಿರಿ.

3. ನಿಮ್ಮ ಊರಿನಲ್ಲಿ ಜನ ಸೇರಿ ನಡೆಸುವ ಒಂದು ಸಂಘವನ್ನು ಆರಿಸಿಕೊಳ್ಳಿ. ಹಾಲಿನ ಡೇರಿ, ಸ್ವಸಹಾಯ ಸಂಘ, ಭಜನಾ ಮಂಡಳಿ ಯಾವುದಾದರೂ ಆಗಬಹುದು. ಅದರ ವರಮಾನದ ಮೇಲೆ ಬೆರಳಿನ ಪರೀಕ್ಷೆ ಮಾಡಿ, ಕಂಡದ್ದನ್ನು ತರಗತಿಯಲ್ಲಿ ಚರ್ಚಿಸಿ.